ಪಾತ್ರೆ ಅಂಗಡಿಯ ಬೇಸ್ ಗಿಟಾರು

ಚನ್ನಗಿರಿ ಪೇಟೆಯಲ್ಲಿ ಕೊಟ್ರೇಶಿ ಅಂದರೆ ಸ್ಟೀಲ್ ಪಾತ್ರೆ. ಮದುವೆಗೆ ಕೊಡುವ ಕೊಡಪಾನ, ಗೃಹಪ್ರವೇಶಕ್ಕೆ ಕೊಡುವ ಡಬ್ಬ, ತೀರಿಕೊಂಡವರ ಹೆಸರಿನಲ್ಲಿ ಹಂಚುವ ಲೋಟ, ಮೂರಕ್ಕೂ ಜನ ಅವನ ಅಂಗಡಿಗೇ ಬರುತ್ತಾರೆ. ಬಂದವರು ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಪದ್ಧತಿ. ಠಣ್ ಅಂದರೆ ಕೈಗೆ, ಠಕ್ ಅಂದರೆ ಪಕ್ಕಕ್ಕೆ. ಖಾಲಿಯಾಗದೆ ಉಳಿದ ಮಾಲನ್ನು ಮಾತ್ರ ಕೊಟ್ರೇಶಿ ತಾನೇ ಬಡಿದು ತೋರಿಸುತ್ತಾನೆ. ಅದೂ ಉಗುರಿನಿಂದ, ಅಂಚಿನ ಹತ್ತಿರ. ಆ ಜಾಗದಲ್ಲಿ ಎಂಥ ತೆಳು ತಗಡೂ ಠಣ್ ಅನ್ನುತ್ತದೆ. ಇಷ್ಟು ಗೊತ್ತಿದ್ದರೆ ಪಾತ್ರೆ ವ್ಯಾಪಾರ ಅರ್ಧ ಕಲಿತ ಹಾಗೆ.

ಈ ಕೊಟ್ರೇಶಿಗೆ ಇನ್ನೊಂದು ಕಸುಬಿತ್ತು. ಬಸವಾಪಟ್ಟಣದ ಪುಷ್ಪಾವತಿ ಮೇಡಂ ನಡೆಸುವ ಆರ್ಕೆಸ್ಟ್ರಾದಲ್ಲಿ ಅವನು ಬೇಸ್ ಗಿಟಾರು ನುಡಿಸುತ್ತಿದ್ದ. ಬೇಸ್ ಗಿಟಾರು ಅಂದರೆ ಏನು ಅಂತ ನಮ್ಮ ತಾಲ್ಲೂಕಿನಲ್ಲಿ ಕೇಳಬೇಡಿ. ಅದಕ್ಕೆ ನಾಲ್ಕೇ ತಂತಿ, ಹಗ್ಗದಷ್ಟು ದಪ್ಪ. ಆರು ತಂತಿಯದು ಕೊಳ್ಳಲು ಕೈ ಬರದೆ ಕೊಟ್ರೇಶಿ ಅಲ್ಲಿಗೇ ನಿಲ್ಲಿಸಿದ್ದಾನೆ ಅಂತ ಅರ್ಧ ಊರು ನಂಬಿತ್ತು. ಹಾಡಿನ ತಳದಲ್ಲಿ ಎದೆಬಡಿತದ ಹಾಗೆ ಬರುತ್ತದಲ್ಲ ದುಂ ದುಂ, ಅದೇ ನಾನು ಅಂತ ಅವನು ಹೇಳಿ ಹೇಳಿ ಸಾಕಾಗಿದ್ದ. ಹೌದಾ, ನಾವು ತಬಲಾ ಅಂದ್ಕೊಂಡಿದ್ವಿ ಅನ್ನುತ್ತಿದ್ದರು.

ಊರಿನ ಮಾತು ಹೋಗಲಿ, ಮನೆಯ ಮಾತು ಚುಚ್ಚುತ್ತಿತ್ತು. ಹೆಂಡತಿ ವನಜಾಕ್ಷಿ ಜಗಳೂರಿನವಳು. ಆ ಕಡೆ ಮಳೆ ಕಡಿಮೆ, ಮಾತು ಖಾರ. ಮದುವೆಯಾದಾಗಿನಿಂದ ಎಷ್ಟೋ ಕಾರ್ಯಕ್ರಮಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ. ಒಂದು ದಿನ ಸೊಪ್ಪು ಬಿಡಿಸುತ್ತಾ ಅವಳು ಕೇಳಿದ್ದು ಇಷ್ಟೇ: "ಅಲ್ರೀ, ಅಲ್ಲಿ ಎಲ್ಲಾರೂ ಏನೋ ಒಂದು ಬಾರಿಸ್ತಾರೆ, ಕೇಳ್ತೈತೆ. ನೀವು ಹೊಟ್ಟೆ ತುರಿಸಿಕೊಂಡಂಗೆ ನಿಂತಿರ್ತೀರಿ, ಏನೂ ಕೇಳಲ್ಲ. ನಿಮ್ಮದು ಯಾವ ಸದ್ದು, ಒಂದ್ಸಲ ತೋರಿಸ್ರಿ."

ಕೊಟ್ರೇಶಿಗೆ ತೋರಿಸಲು ಆಗಲಿಲ್ಲ. ಯಾಕಂದರೆ ಅವನ ಸದ್ದು ಎಲ್ಲಿ ಹೋಗುತ್ತಿದೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಆ ಹೊತ್ತಿಗೇ ಪುಷ್ಪಾವತಿ ಮೇಡಂ ಒಂದು ಸುದ್ದಿ ತಂದರು. ಕೀಬೋರ್ಡಿನ ಕೆಂಚೇಶ ಹೊಸ ಕೀಬೋರ್ಡು ತಂದಿದ್ದಾನೆ, ಅದರಲ್ಲಿ ಎಡಗೈಯಲ್ಲೇ ಬೇಸ್ ಬರುತ್ತದೆ, ಬಲಗೈಗೆ ತೊಂದರೆಯೇ ಇಲ್ಲ. ಟೆಂಪೋದಲ್ಲಿ ಒಂದು ಸೀಟೂ ಉಳಿಯುತ್ತದೆ. ಕೊಟ್ರೇಶಣ್ಣನಿಗೂ ಅಂಗಡಿ ಇದೆ, ವಯಸ್ಸಾಗುತ್ತಿದೆ, ಪಾಪ. ಅದಕ್ಕೆ ನ್ಯಾಮತಿಯ ಕಾರ್ಯಕ್ರಮದಲ್ಲಿ ಅವನಿಗೆ ಒಂದು ಶಾಲು ಹೊದಿಸಿ ಸನ್ಮಾನ ಮಾಡೋಣ ಅಂತ. ನಮ್ಮ ಕಡೆ ಒಬ್ಬರನ್ನು ಮರ್ಯಾದೆಯಿಂದ ಹೊರಗೆ ಕಳಿಸಬೇಕಾದರೆ ಶಾಲು ಹೊದಿಸುತ್ತಾರೆ. ಶಾಲು ಕಂಡ ಮೇಲೂ ಕೂತಲ್ಲೇ ಕೂತವನನ್ನು ನಾನಂತೂ ನೋಡಿಲ್ಲ.

ಮೇಡಂ ಕೆಟ್ಟವರಲ್ಲ. ಒಳ್ಳೆ ಗಂಟಲು, ಒಳ್ಳೆ ಲೆಕ್ಕ. ಅವರಿಗಿದ್ದ ಹೆಮ್ಮೆ ಒಂದೇ, ಕಾರ್ಡ್‌ಲೆಸ್ ಮೈಕು. ಹಳೇ ಮಾದರಿಯದು, ಹೊಟ್ಟೆಯಲ್ಲಿ ಚೌಕದ ಸೆಲ್ ಹಾಕಿಸಿಕೊಳ್ಳುವಂಥದ್ದು. ಅದನ್ನು ಹಿಡಿದು ಅವರು ಸ್ಟೇಜಿನಿಂದ ಇಳಿದು ಜನರ ನಡುವೆ ಹಾಡುತ್ತಾ ಹೋದರೆ ಅಜ್ಜಂದಿರು ಕುರ್ಚಿ ಸರಿಸಿ ದಾರಿ ಬಿಡುತ್ತಿದ್ದರು. ವೈರಿನ ಮೈಕು ಕೊಟ್ಟರೆ ನನ್ನನ್ನು ಗೂಟಕ್ಕೆ ಕಟ್ಟಿದಂಗೆ ಆಗ್ತದೆ ಅನ್ನುತ್ತಿದ್ದರು.

ಶಾಲಿನ ಸುದ್ದಿ ಕೇಳಿದ ಕೊಟ್ರೇಶಿ ಎರಡು ದಿನ ಗಿರಾಕಿಗಳಿಗೆ ಸರಿಯಾಗಿ ಸುಳ್ಳೂ ಹೇಳಲಿಲ್ಲ. ಮೂರನೇ ದಿನ ಎದ್ದು ಸೈಫುಲ್ಲಾನ ಹತ್ತಿರ ಹೋದ.

ಸೈಫುಲ್ಲಾ ಕೆರೆಬಿಳಚಿಯವನು, ಆರ್ಕೆಸ್ಟ್ರಾಕ್ಕೆ ಸೌಂಡ್ ಹಾಕುವವನು. ಅವನ ಕಸುಬಿನ ಒಂದು ಗುಟ್ಟು ಎಲ್ಲರಿಗೂ ಗೊತ್ತು, ಆದ್ದರಿಂದ ಗುಟ್ಟಲ್ಲ. ನಮ್ಮ ಕಡೆ ಕಾರ್ಯಕ್ರಮ ಗೊತ್ತುಮಾಡಲು ಬಂದವರು ಸದ್ದು ಹೇಗಿದೆ ಅಂತ ಕೇಳುವುದಿಲ್ಲ. ಎಷ್ಟು ಡಬ್ಬ ಇಡ್ತೀರಿ ಅಂತ ಕೇಳುತ್ತಾರೆ. ಡಬ್ಬ ಅಂದರೆ ಸ್ಪೀಕರಿನ ಕರೀ ಪೆಟ್ಟಿಗೆ. ಅದಕ್ಕೆ ಸೈಫುಲ್ಲಾ ಬಡಗಿಯ ಕೈಲಿ ಅಂಥವೇ ಇನ್ನೊಂದಿಷ್ಟು ಪೆಟ್ಟಿಗೆ ಮಾಡಿಸಿ, ಕರೀ ಬಣ್ಣ ಹೊಡೆಸಿ, ಮುಂದೆ ಜಾಲರಿ ಹಾಕಿಸಿದ್ದ. ಅವುಗಳ ಒಳಗೆ ಬರೀ ಗಾಳಿ. ಪಕ್ಕದಲ್ಲಿ ಪೇರಿಸಿಟ್ಟರೆ ಅವನ ಅಮ್ಮನಿಗೂ ಯಾವುದು ತುಂಬಿದ್ದು ಯಾವುದು ಖಾಲಿ ತಿಳಿಯುತ್ತಿರಲಿಲ್ಲ. ಕೊಟ್ರೇಶಿ ಇದನ್ನು ತಪ್ಪು ಅನ್ನುವ ಹಾಗಿರಲಿಲ್ಲ. ಅವನ ಅಂಗಡಿಯ ಮೇಲಿನ ಅಟ್ಟದಲ್ಲಿ ಸಾಲಾಗಿ ಕಾಣುವ ಕುಕ್ಕರಿನ ರಟ್ಟಿನ ಡಬ್ಬಗಳೂ ಅದೇ ಜಾತಿಯವು.

ಸೈಫುಲ್ಲಾ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: ತಂತಿಯ ಕೆಳಗೆ ಕೂತಿರುವ ಈ ಪಟ್ಟಿಗೆ ಪಿಕಪ್ ಅಂತಾರೆ ಕೊಟ್ರೇಶಣ್ಣ, ತಂತಿ ಅಲ್ಲಾಡಿದ್ದನ್ನು ಹಿಡಿಯೋದು ಅದು. ಅದು ಹಿಡಿದದ್ದಕ್ಕೆ ಸ್ವಲ್ಪ ಕಸುವು ಕೊಟ್ಟು, ತಗ್ಗಿನ ದನಿ, ನಡುವಿನ ದನಿ, ಮೇಲಿನ ದನಿ ಅಂತ ಬೇರೆ ಬೇರೆ ತಿರುವಿಕೊಳ್ಳುವ ಹಾಗೆ ಮಾಡೋದು ಪ್ರೀಆಂಪ್. ನಿನ್ನ ಗಿಟಾರಿನಲ್ಲಿ ಅದು ಇಲ್ಲವೇ ಇಲ್ಲ. ಹಾಕೋಣ.

ಕೊರಿಯರಿನಲ್ಲಿ ಪ್ರೀಆಂಪ್ ಬಂತು, ಕಡಲೆಬೀಜದ ಪೊಟ್ಟಣದಷ್ಟು. ಸೈಫುಲ್ಲಾ ಗಿಟಾರಿನ ಹೊಟ್ಟೆ ಕೊಯ್ದು ಬೆಸುಗೆ ಹಾಕಿ, ಒಂದು ಚೌಕದ ಸೆಲ್ ಕೂರಿಸಿ, ಮೇಲೆ ಮೂರು ತಿರುಪು ಬಿಟ್ಟ. ಕೊಟ್ರೇಶಿಗೆ ಮನೆಗೆ ಹೋಗುವಷ್ಟೂ ತಾಳ್ಮೆ ಇರಲಿಲ್ಲ. ಅಂಗಡಿಯ ಹಿಂದಿನ ಗೋಡೌನಿನಲ್ಲೇ ಆಂಪ್ಲಿಫೈಯರಿಗೆ ಸಿಕ್ಕಿಸಿ ದಪ್ಪ ತಂತಿ ಮೀಟಿದ.

ಘೂಂ ಅಂತು. ಆದರೆ ಘೂಂ ಅಂದದ್ದು ಗಿಟಾರಲ್ಲ, ಮೂಲೆಯಲ್ಲಿದ್ದ ನೀರಿನ ಹಂಡೆ. ಎರಡನೇ ತಂತಿಗೆ ಸೌಟುಗಳ ಗೊಂಚಲು ಝಲ್ಲೆಂದಿತು. ಇನ್ನೊಂದು ಸ್ವರಕ್ಕೆ ಇಡ್ಲಿ ತಟ್ಟೆಗಳು ಹಲ್ಲು ಕಡಿದವು. ಯಾವ ಸ್ವರ ಹಿಡಿದರೂ ಯಾವುದೋ ಪಾತ್ರೆ ಎದ್ದು ಓಗೊಡುತ್ತಿತ್ತು. ಛೇ, ತಗ್ಗು ಜಾಸ್ತಿಯಾಯ್ತು ಅಂದುಕೊಂಡು ಕೊಟ್ರೇಶಿ ತಗ್ಗಿನ ತಿರುಪನ್ನು ಇಳಿಸುತ್ತಾ ಬಂದ. ನಡುವಿನದನ್ನೂ ಇಳಿಸಿದ. ಕೊನೆಗೆ ಹಂಡೆ ಸುಮ್ಮನಾಯಿತು, ಸೌಟು ಸುಮ್ಮನಾದವು, ಒಂದು ಚಮಚವೂ ಮಿಸುಕಲಿಲ್ಲ. ಆಹಾ, ಈಗ ಸರಿಹೋಯಿತು ಅಂತ ತಿರುಪುಗಳ ಪಕ್ಕ ಬಿಳೀ ಬಣ್ಣದಲ್ಲಿ ಗುರುತು ಹಾಕಿ, ಖುಷಿಯಿಂದ ಕದ ಹಾಕಿ ಮನೆಗೆ ಹೋದ.

ಮುಂದಿನ ವಾರ ಸಂತೇಬೆನ್ನೂರಿನ ಒಂದು ಆರತಕ್ಷತೆಯಲ್ಲಿ ಆ ಗುರುತಿಗೇ ತಿರುಪು ಇಟ್ಟು ನುಡಿಸಿದ. ತಗಡಿನ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳಿಸಿತು. ಸಾಲದ್ದಕ್ಕೆ ಮಂಟಪದ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಎಲ್ಲದರ ಗುಂಯ್‌ಗುಡಿಕೆಯನ್ನೂ ಅವನ ಹಳೇ ಪಿಕಪ್ಪು ಹಿಡಿದು ತಂದು ಜನರ ಕಿವಿಗೆ ಸುರಿಯಿತು. ಮೇಡಂ ಹಿಂತಿರುಗಿ ಒಂದು ಸಲ ನೋಡಿದರು. ಕೆಂಚೇಶ ಕೀಬೋರ್ಡಿಗೆ ಎಡಗೈ ಇಳಿಸಿ ಬೇಸ್ ಶುರುಮಾಡಿದ. ಸೈಫುಲ್ಲಾ ಕೊಟ್ರೇಶಿಯ ವೈರನ್ನು ಮೆಲ್ಲಗೆ ಕಿತ್ತ. ಅಂದು ವಾಪಸ್ಸು ಬರುವಾಗ ಟೆಂಪೋದಲ್ಲಿ ಶಾಲು ಯಾವ ಬಣ್ಣದ್ದಿರಲಿ ಅಂತ ಮೇಡಂ ಕೇಳಿದರಂತೆ. ಕೊಟ್ರೇಶಿ, ನಿಮ್ಮಿಷ್ಟ ಮೇಡಂ ಅಂದನಂತೆ.

ಹೊನ್ನಾಳಿಯಲ್ಲಿ ಗುರುಸ್ವಾಮಿ ಅಂತ ಒಬ್ಬರಿದ್ದಾರೆ, ಅವರ ಹತ್ತಿರ ಆನೆ ಪಿಟೀಲು ಐತೆ, ಹೋಗಿ ನೋಡು ಅಂತ ದಾರಿ ತೋರಿಸಿದವನು ಅದೇ ಸೈಫುಲ್ಲಾ. ಗುರುಸ್ವಾಮಿ ಪೊಲೀಸ್ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು. ಬ್ಯಾಂಡಿನವರು ಹಳೇ ಸಾಮಾನು ಹರಾಜು ಹಾಕಿದಾಗ ಒಂದು ಒಡೆದ ಡಬಲ್ ಬೇಸ್ ಹಿಡಿದು ತಂದು, ಸ್ವಂತ ಕೈಯಿಂದ ಅಂಟಿಸಿ ನಿಲ್ಲಿಸಿದ್ದರು. ಆಳೆತ್ತರದ ಪಿಟೀಲು. ನೆಲಕ್ಕೆ ಊರಿ, ಹೆಗಲಿಗೆ ಆನಿಸಿಕೊಂಡು, ಬೆರಳಲ್ಲಿ ಮೀಟಬೇಕು. ನಡುಮನೆಯಲ್ಲಿ ಅದು ನಿಂತಿರುವ ರೀತಿ ನೋಡಿದರೆ ಮನೆಯ ಯಜಮಾನ ಯಾರು ಅಂತ ಅನುಮಾನ ಬರಬೇಕು.

ಅವರು ಕೊಟ್ರೇಶಿಯನ್ನು ಅದರ ಪಕ್ಕದಲ್ಲೇ ಕೂರಿಸಿದರು. ಡಬಲ್ ಬೇಸಿನ ಪಕ್ಕೆಗೆ ಕಿವಿ ಇಡು ಅಂದರು. ಇಟ್ಟ. ಒಂದು ತಂತಿ ಮೀಟಿದರು. ಕೊಟ್ರೇಶಿಗೆ ಕಿವಿಯಲ್ಲಿ ಕೇಳಿಸಲಿಲ್ಲ, ಹಲ್ಲಿನಲ್ಲಿ ಕೇಳಿಸಿತು. ಎದ್ದು ಇನ್ನೊಂದು ಕಿವಿ ಇಟ್ಟ. ಸಾರ್, ಇನ್ನೊಂದ್ಸಲ ಅಂದ. ಅವರು ನಕ್ಕು ಇನ್ನೊಂದು ಸಲ ಮೀಟಿದರು.

ಆಮೇಲೆ ತಂತಿಗಳನ್ನು ಹೊತ್ತು ನಿಂತ ಮರದ ಕುದುರೆಯ ಕಾಲಿಗೆ ಸಿಕ್ಕಿಸಿದ್ದ ಒಂದು ಚಿಕ್ಕ ಬಿಲ್ಲೆ ತೋರಿಸಿದರು. ಅದೂ ಪಿಕಪ್ಪೇ, ಆದರೆ ಅದು ತಂತಿಯ ಕಬ್ಬಿಣ ನೋಡುವುದಿಲ್ಲ, ಮರದ ನಡುಕ ನೋಡುತ್ತದೆ. ಅದರ ವೈರನ್ನು ನೇರ ಆಂಪ್ಲಿಫೈಯರಿಗೆ ಕೊಟ್ಟು ಮೀಟಿದಾಗ ಒಣ ಕೊಬ್ಬರಿ ಗಿಟಕು ಬಡಿದ ಹಾಗೆ ಟೊಕ್ ಟೊಕ್ ಅಂತು. ನಡುವೆ ಒಂದು ಪ್ರೀಆಂಪ್ ಪೆಟ್ಟಿಗೆ ಇಟ್ಟು ಅದೇ ತಂತಿ ಮೀಟಿದರೆ ಕೊಟ್ರೇಶಿಯ ಹಲ್ಲು ಮತ್ತೆ ಜುಂ ಅಂತು.

"ದಲ್ಲಾಳಿ ಕಣಯ್ಯಾ ಇದು," ಅಂದರು ಗುರುಸ್ವಾಮಿ. "ಈ ಬಿಲ್ಲೆದು ಬಡವನ ದನಿ. ನೇರ ಸಾಹುಕಾರನ ಮುಂದೆ ಹೋದ್ರೆ ಬಾಯೇ ಬರಲ್ಲ. ನಡುವೆ ಒಬ್ಬ ದಲ್ಲಾಳಿ ನಿಂತ್ರೆ ಇವನ ಮಾತು ಅವನಿಗೆ ಪೂರಾ ಮುಟ್ತದೆ. ಒಳ್ಳೇ ದಲ್ಲಾಳಿ ತನ್ನ ಮಾತು ಸೇರ್ಸಲ್ಲ, ಅಷ್ಟೇ ನೋಡ್ಬೇಕು."

ಅಂಥ ದಲ್ಲಾಳಿ ಎಲ್ಲಿದ್ದಾನೆ ಸಾರ್ ಅಂತ ಕೊಟ್ರೇಶಿ ಬಾಯಿ ಬಿಡುವ ಮೊದಲೇ ಸ್ಪೀಕರಿನ ಪೆಟ್ಟಿಗೆ ಹೂಂ ಅಂತ ಗೂಳಿಯ ಹಾಗೆ ಗುಟುರು ಹಾಕಿತು. ಗುರುಸ್ವಾಮಿ ಗಾಬರಿಯಾಗಲಿಲ್ಲ. ಪೆಟ್ಟಿಗೆಯ ಸದ್ದು ಪಿಟೀಲಿನ ಹೊಟ್ಟೆಗೇ ವಾಪಸ್ಸು ಹೋಗಿ ಸುತ್ತುತ್ತಿದೆ ಅಂತ ಹೇಳಿ, ಪಿಟೀಲಿನ ಕಿಂಡಿಗೆ ಸ್ಪಂಜಿನ ತುಂಡು ತುರುಕಿ, ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿ, ಪ್ರೀಆಂಪಿನಲ್ಲಿ ಒಂದು ತಿರುಪು ಹಿಡಿದು ತೀರ ಅಡಿಯ ಗುಡುಗನ್ನಷ್ಟೇ ಸೋಸಿದರು. ಗೂಳಿ ಮಲಗಿತು. ವಿಚಿತ್ರ ಅಂದರೆ ಅಡಿಯದು ಸ್ವಲ್ಪ ಹೋದ ಮೇಲೆ ಬೇಸು ಇನ್ನೂ ಸ್ಪಷ್ಟವಾಗಿ ಕೇಳಿತು. ಹೊಟ್ಟು ತೂರಿದ ಮೇಲೆ ಕಾಳು ಹೊಳೆದ ಹಾಗೆ.

ಕೊಟ್ರೇಶಿಗೆ ಹುಚ್ಚು ಹಿಡಿಯಿತು. ನನ್ನ ಗಿಟಾರಿಗೂ ಆ ಬಿಲ್ಲೆಯನ್ನೇ ಹಾಕಿಬಿಡಿ ಅಂದ. ನಿನ್ನ ಗಿಟಾರಿನ ಮರ ಇಟ್ಟಿಗೆಯ ಹಾಗೆ ಗಟ್ಟಿ, ಅದು ಯಾಕೆ ನಡುಗುತ್ತದೆ ಅಂತ ಅವರು ಬೈದರು. ನಿನಗೆ ಬೇಕಾದ್ದು ಜೋಡಿ ಸುರುಳಿಯ ಪಿಕಪ್. ಟ್ಯೂಬ್‌ಲೈಟಿನ ಗುಂಯ್‌ಗುಡಿಕೆ ಒಂದು ಸುರುಳಿಗೆ ಬಂದರೆ ಇನ್ನೊಂದು ಅದನ್ನು ಹೊಡೆದು ಹಾಕುತ್ತದೆ, ತಂತಿಯದು ಮಾತ್ರ ಉಳಿಯುತ್ತದೆ. ಆಮೇಲೆ ಬಿಳೀ ಬಣ್ಣದ ಗುರುತು ನೋಡಿ, ಇದನ್ನು ಎಲ್ಲಿ ಕೂತು ಹಾಕಿದೆ ಅಂತ ಕೇಳಿದರು. ಗೋಡೌನಿನಲ್ಲಿ ಸಾರ್ ಅಂದ. ಯಾತರ ಗೋಡೌನು ಅಂದರು. ಪಾತ್ರೆದು ಅಂದ.

ಗುರುಸ್ವಾಮಿ ಪಿಟೀಲನ್ನು ಗೋಡೆಗೆ ಆನಿಸಿ ನಿಲ್ಲಿಸಿ, ನೆಲಕ್ಕೆ ಕೂತು ನಕ್ಕರು. ಒಳಗಿನಿಂದ ಅವರ ಹೆಂಡತಿ ಏನಾಯಿತು ಅಂತ ನೋಡಿ ಹೋದರು. "ಪಾತ್ರೆ ಅಂಗಡ್ಯಾಗೆ ಬೇಸ್ ಪರೀಕ್ಷೆ ಮಾಡಿದವ್ನು ಭೂಮಿ ಮ್ಯಾಲೆ ನೀನೊಬ್ನೇ ಕೊಟ್ರೇಶಿ. ಪಾತ್ರೆಗಳ ಬಾಯಿ ಮುಚ್ಚಾಕೆ ಹೋಗಿ ನಿನ್ನ ಬಾಯೇ ಮುಚ್ಕೊಂಡಿದೀಯ."

ಅವರು ನಡುವಿನ ತಿರುಪನ್ನು ಏರಿಸಿದರು. ಆ ಕೋಣೆಯಲ್ಲಿ ಅದು ನೆಗಡಿಯಾದವನು ಮಾತಾಡಿದ ಹಾಗೆ ಕೇಳಿಸಿತು. ಕೊಟ್ರೇಶಿ ಮುಖ ಸಿಂಡರಿಸಿದ. ಇಲ್ಲಿ ಚೆಂದ ಕೇಳಿದ್ದು ಗದ್ದಲದಲ್ಲಿ ಮುಳುಗಿ ಹೋಗುತ್ತದೆ, ಇಲ್ಲಿ ಸ್ವಲ್ಪ ಮೂಗಿನಲ್ಲಿ ಗೊಣಗಿದ್ದೇ ಅಲ್ಲಿ ಬಾಯಿಬಿಟ್ಟು ಮಾತಾಡುತ್ತದೆ ಅಂತ ಅವರು ಅಂದರು. ಇದು ಕೊಟ್ರೇಶಿಗೆ ತಟ್ಟನೆ ಅರ್ಥವಾಯಿತು. ಅಂಗಡಿಯಲ್ಲಿ ಥಳಥಳ ಅನ್ನುವ ಪಾತ್ರೆ ಬೇರೆ, ಒಲೆಯ ಮೇಲೆ ತಡೆಯುವ ಪಾತ್ರೆ ಬೇರೆ. ಅದನ್ನು ಗಿರಾಕಿಗೆ ಹೇಳುವುದಿಲ್ಲ ಅಷ್ಟೇ.

ಹೊರಡುವಾಗ ಗುರುಸ್ವಾಮಿ ತಮ್ಮ ಪೆಟ್ಟಿಗೆಯನ್ನೇ ಎರವಲು ಕೊಟ್ಟರು. ಆಂಪ್ಲಿಫೈಯರು, ದೊಡ್ಡ ಬಾಯಿಯ ಸ್ಪೀಕರು ಎರಡೂ ಒಂದರಲ್ಲೇ. ಎತ್ತಲು ಇಬ್ಬರು ಬೇಕು. ಗೋಡೆಯ ಮೂಲೆಗೆ ಇಡು, ಮೂಲೆ ಪುಕ್ಕಟೆ ಬಲ ಕೊಡುತ್ತದೆ ಅಂದರು. ಒಳ್ಳೇ ಸೆಲ್ ಹಾಕು, ನುಡಿಸದೇ ಇರುವಾಗ ಗಿಟಾರಿನಿಂದ ವೈರ್ ಕಿತ್ತಿಡು, ಸಿಕ್ಕಿಸಿದ್ದರೆ ಸೆಲ್ ಉರಿಯುತ್ತಲೇ ಇರುತ್ತದೆ ಅಂತಲೂ ಅಂದರು. ಕೊಟ್ರೇಶಿ ಎಲ್ಲದಕ್ಕೂ ತಲೆ ಆಡಿಸಿದ. ಪೆಟ್ಟಿಗೆಯ ಮಾತು ಕಿವಿಗೆ ಇಳಿಯಿತು. ಸೆಲ್ಲಿನ ಮಾತು ಹೊಳೆ ದಾಟುವಾಗ ಸೇತುವೆಯ ಮೇಲೇ ಉಳಿಯಿತು.

ಸೈಫುಲ್ಲಾ ಜೋಡಿ ಸುರುಳಿಯ ಪಿಕಪ್ ಹಾಕಿಕೊಟ್ಟ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರೆ ಗುಂಯ್ ಅನ್ನುವ ಸದ್ದೇ ಇಲ್ಲ. ಕೊಟ್ರೇಶಿ ಹಳೇ ಸೆಲ್ ತೆಗೆದು ಹೊಸದು ಹಾಕಿದ, ಆದರೆ ಎಂಥದು? ಸಂತೆಯ ದಿನ ಅವನ ಅಂಗಡಿಯ ಪಕ್ಕದಲ್ಲೇ ಬ್ಯಾಟರಿ, ಟಾರ್ಚು ಹರಡಿಕೊಂಡು ಕೂರುವವನ ಹತ್ತಿರ ಎರಡು ಚಮಚ ಕೊಟ್ಟು ಬದಲಿ ತಂದದ್ದು. ಚಮಚ ಎಂಥವು ಅಂತ ಕೊಟ್ರೇಶಿಗೆ ಗೊತ್ತಿತ್ತು, ಸೆಲ್ ಎಂಥದು ಅಂತ ಸೆಲ್ಲಿನವನಿಗೆ ಗೊತ್ತಿತ್ತು, ಇಬ್ಬರೂ ಗೆದ್ದೆವು ಅಂದುಕೊಂಡರು. ಅಲ್ಲಿಂದ ನ್ಯಾಮತಿಯ ದಿನದವರೆಗೆ ಗಿಟಾರಿಗೆ ಸಿಕ್ಕಿಸಿದ ವೈರನ್ನು ಕಿತ್ತದ್ದೇ ಇಲ್ಲ. ಗಿರಾಕಿ ಹೋದರೆ ಒಂದು ಸಲ ಮೀಟುವುದು, ಊಟಕ್ಕೆ ಮೊದಲು ಒಂದು ಸಲ ಮೀಟುವುದು. ಈಗ ಹಂಡೆ ಘೂಂ ಅಂದರೆ ಅವನು ಹಂಡೆಯನ್ನು ನೋಡಿ ನಗುತ್ತಿದ್ದ.

ನ್ಯಾಮತಿಯಲ್ಲಿ ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆ, ಹಗಲು ಹೊತ್ತಿನ ಕಾರ್ಯಕ್ರಮ. ಹೊಸ ಟ್ರ್ಯಾಕ್ಟರುಗಳು ಹಾರ ಹಾಕಿಕೊಂಡು ಮದುಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ವನಜಾಕ್ಷಿಯೂ ಬಂದಿದ್ದಳು, ಗಂಡನಿಗೆ ಶಾಲು ಹೊದಿಸುವುದನ್ನು ನೋಡಲು. ಶಾಲು ಮೇಡಂ ಬ್ಯಾಗಿನಲ್ಲಿ ಇಣುಕುತ್ತಿತ್ತು, ನೇರಳೆ ಬಣ್ಣದ್ದು.

ಸೈಫುಲ್ಲಾನ ಹಮಾಲಿಗಳು ಅಂದು ಭಾರೀ ಹುರುಪಿನಲ್ಲಿ ಡಬ್ಬ ಇಳಿಸಿದರು. ಒಬ್ಬೊಬ್ಬನೇ ಒಂದೊಂದನ್ನು ಹೆಗಲ ಮೇಲೆ ಹೊತ್ತು, ಹಾಡು ಗುನುಗುತ್ತಾ. ಅದನ್ನು ಕಂಡ ಕೂಡಲೇ ಸೈಫುಲ್ಲಾ ವ್ಯಾನಿನ ಕಡೆ ಓಡಿದ. ಅವನು ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಹಮಾಲಿಗಳು ವ್ಯಾನು ತುಂಬಿದ್ದರು. ಹಗುರಾದದ್ದು ಮೊದಲು ಅನ್ನುವುದು ಅವರ ಧರ್ಮ. ವ್ಯಾನಿನಲ್ಲಿ ಜಾಗ ಮುಗಿದಿತ್ತು, ಭಾರದ ಡಬ್ಬಗಳು ಕೆರೆಬಿಳಚಿಯಲ್ಲೇ ಉಳಿದಿದ್ದವು. ಇಲ್ಲಿಗೆ ಬಂದದ್ದರಲ್ಲಿ ಬಾಯಿ ಇದ್ದದ್ದು ಹಾಡುಗಾರರ ದನಿಗೆಂದು ಇಡುವ ಎರಡೇ ಸಣ್ಣ ಸ್ಪೀಕರು. ಉಳಿದದ್ದೆಲ್ಲ ಗಾಳಿ.

ಶೋರೂಮಿನ ಯಜಮಾನರು ಡಬ್ಬದ ಗೋಪುರವನ್ನು ಕತ್ತೆತ್ತಿ ನೋಡಿ ತುಂಬ ಸಂತೋಷಪಟ್ಟರು. ಸೈಫುಲ್ಲಾ ಮಾತ್ರ ಮೇಡಂ ಕಿವಿಯಲ್ಲಿ ನಿಜ ಹೇಳಿ, ಬೆವರು ಒರೆಸಿಕೊಂಡ. ಆಗ ಮೇಡಂ ಕಣ್ಣು ಕೊಟ್ರೇಶಿಯ ಕಡೆ ಹೋಯಿತು. ಅವನು ಇನ್ನೊಬ್ಬನ ಸಹಾಯದಿಂದ ಗುರುಸ್ವಾಮಿಯ ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ತಂದು, ಎರಡು ಟ್ರ್ಯಾಕ್ಟರುಗಳ ನಡುವಿನ ಮೂಲೆಗೆ, ಗೋಡೆಗೆ ಒತ್ತಿ ಇಡುತ್ತಿದ್ದ. ಎತ್ತಲು ಕಷ್ಟಪಡುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಅದರೊಳಗೆ ಮಾಲಿದೆ.

ಮೊದಲ ಹಾಡು ಶುರುವಾಯಿತು. ಕೊಟ್ರೇಶಿ ದಪ್ಪ ತಂತಿ ಮೀಟಿದ, ಮತ್ತೆ ಮೀಟಿದ. ಟ್ರ್ಯಾಕ್ಟರಿನ ಟೂಲ್‌ಬಾಕ್ಸಿನ ಮುಚ್ಚಳ ಟಕಟಕ ಅಂದಿತು. ಗಾಜಿನ ಬಾಗಿಲು ನಡುಗಿತು. ಅದಕ್ಕಿಂತ ಮುಖ್ಯವಾಗಿ, ಪಾನಕ ಕುಡಿಯುತ್ತಾ ನಿಂತಿದ್ದವರ ಮೊಣಕಾಲು ಅವರ ಅಪ್ಪಣೆ ಕೇಳದೆ ಅಲ್ಲಾಡಿದವು. ಹಾಡಿಗೆ ಕಾಲು ಬಂದಿತ್ತು. ಮೂಗಿನಲ್ಲಿ ಗೊಣಗುತ್ತಿದ್ದ ದನಿ ಈ ಗದ್ದಲದಲ್ಲಿ ಎಷ್ಟು ನಿಚ್ಚಳವಾಗಿ ಮಾತಾಡುತ್ತಿತ್ತೆಂದರೆ ಕೊಟ್ರೇಶಿಗೇ ಮೈ ಜುಂ ಅಂತು. ಕೆಂಚೇಶನ ಎಡಗೈ ಹಣೆ ಕೆರೆದುಕೊಳ್ಳಲು ಹೋಯಿತು. ಎರಡನೇ ಹಾಡಿಗೆ ಹೆಂಗಸರೂ ಕುಣಿದರು. ಅಡಿಕೆ ವ್ಯಾಪಾರದವರೊಬ್ಬರು, ಸೊಂಟನೋವು ಅಂತ ಮನೆಯಿಂದ ಬೆಲ್ಟು ಹಾಕಿಕೊಂಡು ಬಂದವರು, ಬೆಲ್ಟು ಬಿಚ್ಚಿ ಸ್ಟೀರಿಂಗಿಗೆ ನೇತುಹಾಕಿದರು.

ವನಜಾಕ್ಷಿ ಪಾನಕದ ಲೋಟವನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ತಿರುಗಿ ನೋಡಿದರೆ ಲೋಟ ಇಟ್ಟಲ್ಲಿ ಇರಲಿಲ್ಲ. ಒಂದು ಗೇಣು ನಡೆದು ಹೋಗಿ, ಅಂಚಿನಲ್ಲಿ ಅವಳ ಸೆರಗಿನ ಮೇಲೆ ವಾಲಿತ್ತು.

ಮೂರನೇ ಹಾಡಿನ ನಡುವೆ ಬೇಸು ಗೊರಗೊರ ಅಂತು, ತೆಳುವಾಯಿತು, ನಿಂತಿತು.

ಕುಣಿಯುತ್ತಿದ್ದವರು ಒಂದೇ ಸಲ ಮೆಟ್ಟಿಲು ತಪ್ಪಿದವರ ಹಾಗೆ ಮುಗ್ಗರಿಸಿದರು. ಬೇಸು ಹೋಯಿತು ಅಂತ ಯಾರಿಗೂ ತಿಳಿಯಲಿಲ್ಲ. ಏನೋ ಹೋಯಿತು ಅಂತ ಎಲ್ಲರಿಗೂ ತಿಳಿಯಿತು. ಕರೆಂಟು ಹೋಯ್ತಾ ಅಂತ ಒಬ್ಬರು ಫ್ಯಾನು ನೋಡಿದರು. ಕೆಂಚೇಶ ತಟ್ಟನೆ ಎಡಗೈ ಇಳಿಸಿದ. ಅವನದು ಹೋಗುವುದು ಆ ಎರಡು ಸಣ್ಣ ಸ್ಪೀಕರಿಗೇ ಅಲ್ಲವೇ? ಅವು ಮಳೆಗಾಲದ ಕಪ್ಪೆಯ ಹಾಗೆ ವಟಗುಟ್ಟಿ, ಮೇಡಂ ದನಿಯನ್ನೂ ಹರಿದು ಹಾಕಿದವು. ಸೈಫುಲ್ಲಾ ಓಡಿ ಬಂದು ಅವನ ಕೈ ಎತ್ತಿಸಿದ.

ಕೊಟ್ರೇಶಿಗೆ ಗೊತ್ತಾಯಿತು. ಎರಡು ಚಮಚದ ಸೆಲ್. ನಾಚಿಕೆಯಿಂದ ಅವನು ಅದನ್ನು ಕಿತ್ತು, ಸೈಫುಲ್ಲಾನ ಕಡೆ ನೋಡಿ, ಚೌಕದ ಸೆಲ್ ಐತಾ ಅಂತ ಕೈಯಲ್ಲೇ ಕೇಳಿದ. ಸೈಫುಲ್ಲಾ ಡಬ್ಬಗಳ ಜೊತೆಗೆ ಸೆಲ್ಲಿನ ಪೆಟ್ಟಿಗೆಯನ್ನೂ ಊರಲ್ಲೇ ಬಿಟ್ಟು ಬಂದಿದ್ದ.

ಜನರ ನಡುವೆ ನಿಂತು ಹಾಡುತ್ತಿದ್ದ ಮೇಡಂ ಹಾಡು ನಿಲ್ಲಿಸಿದರು. ಖಾಲಿ ನಿಂತ ಕಾಲುಗಳನ್ನು ನೋಡಿದರು, ಕೊಟ್ರೇಶಿಯ ಕೈಯಲ್ಲಿದ್ದ, ಸಂತೆಯ ಮಾಲು ಅಂತ ಕಂಡರೇ ಗೊತ್ತಾಗುವ ಸತ್ತ ಸೆಲ್ಲನ್ನು ನೋಡಿದರು. ಸ್ಟೇಜಿಗೆ ಹತ್ತಿ ಬಂದು ತಮ್ಮ ಕಾರ್ಡ್‌ಲೆಸ್ ಮೈಕಿನ ಬುಡ ತಿರುಗಿಸಿ ಬಿಚ್ಚಿ, ಒಳಗಿನ ಸೆಲ್ ಕಿತ್ತು ಅವನ ಕೈಗೆ ಇಟ್ಟರು.

"ಹಾಕ್ಕೊ ಕೊಟ್ರೇಶಣ್ಣ. ನಾನು ವೈರಿನ ಮೈಕ್ನಾಗೆ ಹಾಡ್ತೀನಿ."

ಸೈಫುಲ್ಲಾ ವೈರಿನ ಮೈಕು ತಂದು ಕೊಟ್ಟ. ಮೇಡಂ ಗೂಟಕ್ಕೆ ಕಟ್ಟಿದ ಹಾಗೆ ಒಂದೇ ಕಡೆ ನಿಂತರು. ಕೊಟ್ರೇಶಿ ಸೆಲ್ ಕೂರಿಸಿ, ದಪ್ಪ ತಂತಿಗೆ ಬೆರಳಿಟ್ಟ. ಟೂಲ್‌ಬಾಕ್ಸು ಟಕ್ ಅಂತು. ಜನ ಹೋ ಅಂದರು. ಆಮೇಲೆ ನಡೆದದ್ದನ್ನು ನ್ಯಾಮತಿಯವರು ಈಗಲೂ ಹೇಳುತ್ತಾರೆ, ಆದರೆ ಡಬ್ಬದ ಗೋಪುರದ ಮಹಿಮೆ ಅಂತ ಹೇಳುತ್ತಾರೆ.

ಕಾರ್ಯಕ್ರಮ ಮುಗಿದು ಸನ್ಮಾನದ ಹೊತ್ತು ಬಂತು. ಮೇಡಂ ಬ್ಯಾಗಿನಿಂದ ನೇರಳೆ ಶಾಲು ತೆಗೆದರು. ಕೊಟ್ರೇಶಿ ತಲೆ ತಗ್ಗಿಸಿ ಒಂದು ಹೆಜ್ಜೆ ಮುಂದೆ ಬಂದ. ಮೇಡಂ ಅವನನ್ನು ದಾಟಿ ಹೋಗಿ, ವೈರು ಸುತ್ತುತ್ತಿದ್ದ ಸೈಫುಲ್ಲಾನ ಹೆಗಲಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಶಾಲಿನ ಅರ್ಥ ಗೊತ್ತಿದ್ದ ಸೈಫುಲ್ಲಾನ ಮುಖ ಮಾತ್ರ ಬಿಳಿಚಿಕೊಂಡಿತು.

"ಮೇಡಂ, ಮುಂದಿನ ಸಲ ನಾನೇ ನಿಂತು ಲೋಡ್ ಮಾಡಿಸ್ತೀನಿ. ಖುದಾ ಕಸಂ," ಅಂದ.

"ಹಂಗಾದ್ರೆ ಚಳಿಗಾಲಕ್ಕೆ ಇಟ್ಕೊ," ಅಂದರು ಮೇಡಂ. ಆಮೇಲೆ ಕೊಟ್ರೇಶಿಯ ಕಡೆ ತಿರುಗಿ, ಮುಂದಿನ ಭಾನುವಾರ ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ ಟೆಂಪೋ ನಿಲ್ಲುತ್ತದೆ, ತಡ ಮಾಡಬೇಡ, ಸೆಲ್ ಮಾತ್ರ ಅಂಗಡಿಯಿಂದ ತಾ, ಸಂತೆಯಿಂದ ಬೇಡ ಅಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಿಟಾರು ಅವನ ತೊಡೆಯ ಮೇಲಿತ್ತು, ವೈರು ಕಿತ್ತು ಜೇಬಿನಲ್ಲಿತ್ತು. ವನಜಾಕ್ಷಿ ಕಿಟಕಿಯ ಆಚೆ ನೋಡುತ್ತಾ ಕೇಳಿದಳು.

"ರೀ, ಆ ಲೋಟ ನಡೆಸಿದ್ದು ನೀವೇನಾ?"

ಹೌದು ಅಂದ ಕೊಟ್ರೇಶಿ.

"ಪಾನಕ ಸೀರೆ ಮ್ಯಾಲೆ ಚೆಲ್ಲೈತೆ," ಅಂದಳು ಅವಳು. ಸೆರಗು ಎತ್ತಿ ಕಲೆ ತೋರಿಸಿದಳು. ಪಕ್ಕದ ಸೀಟಿನವರಿಗೂ ತೋರಿಸಿದಳು.